ವೃದ್ಧ ಅಂಗವಿಕಲರ ಶುಶ್ರೂಷೆಯೂ ನೆರೆಹೊರೆಯೂ

ಅಹಮದಾಬಾದಿನ ಹಳೆಯ ಪೋಳುಗಳಲ್ಲಿ ಮನೆಯ ಮುಂದಣ ಕಟ್ಟೆಗೆ ‘ಓಟಲೊ’ ಎಂದು ಹೆಸರು. ಅದು ನಮ್ಮ ಜಗಲಿಯ ಒಡಹುಟ್ಟು. ಕಣ್ಣು ಮಂಜಾದ, ಕಾಲು ಸೋತ ಮುದುಕರು ಅಲ್ಲಿ ಬಂದು ಕುಳಿತರೆ ಬೀದಿಯೇ ಅವರ ಯೋಗಕ್ಷೇಮವನ್ನು ವಿಚಾರಿಸುತ್ತಿತ್ತು. ಬೋಡಕ್‌ದೇವ್‌ನ ಬಹುಮಹಡಿ ವಸತಿಗಳಲ್ಲಿ ಜಗಲಿಯಿಲ್ಲ. ಮಗನ ಉದ್ಯೋಗದ ನಿಮಿತ್ತ ಧಾರವಾಡದಿಂದಲೋ ಮೈಸೂರಿನಿಂದಲೋ ಬಂದ ತಾಯಿಯೊಬ್ಬಳು ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ತೊದಲಿದಳೆನ್ನಿ: ‘ಪಾಣಿ’ಯನ್ನಷ್ಟೆ ಬಲ್ಲ ದಾದಿಗೆ ಆಕೆಯ ‘ನೀರು’ ಅರ್ಥವಾಗದು. ವೈಕಲ್ಯವು ಇಲ್ಲಿ ಇಮ್ಮಡಿಯಾಗುತ್ತದೆ.

ಸೌಲಭ್ಯಗಳೇ ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯು ಬಡ ವೃದ್ಧರಿಗೆ ಊರುಗೋಲು, ಶ್ರವಣಯಂತ್ರ, ಗಾಲಿಕುರ್ಚಿಗಳನ್ನು ಉಚಿತವಾಗಿ ಒದಗಿಸಲು ಹೊರಟಿತು. ಅದೇ ವರ್ಷದ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, 70 ವರ್ಷ ಮೀರಿದವರಿಗೂ ಅಂಗವಿಕಲರಿಗೂ ಮನೆಬಾಗಿಲಿನಲ್ಲಿಯೇ ಹಣ ತಲುಪಿಸುವ, ಜೀವನ ಪ್ರಮಾಣಪತ್ರ ಸ್ವೀಕರಿಸುವ ಏರ್ಪಾಡು ಮಾಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಆದರೂ ಪ್ರತಿ ನವೆಂಬರಿನಲ್ಲಿ ಮೊಮ್ಮಗನ ಹೆಗಲಿಗೆ ಆತು, ಸವೆದ ಬೆರಳನ್ನು ಯಂತ್ರಕ್ಕೆ ಮತ್ತೆ ಮತ್ತೆ ಒತ್ತುವ ಪಿಂಚಣಿದಾರರನ್ನು ನನ್ನ ಮೇಜಿನ ಮುಂದೆಯೇ ಕಾಣುತ್ತೇನೆ. ನಿಯಮವಿರುವುದನ್ನು ಅವರಿಗೆ ಯಾರೂ ಹೇಳಿಲ್ಲ; ನಮ್ಮವರೂ (ಬ್ಯಾಂಕಿನವರ ಮಾತು) ತಾವಾಗಿ ಹೇಳುವುದು ಅಪರೂಪ.

ಕೊರತೆಯಿರುವುದು ಮನೆಗೂ ಕಚೇರಿಗೂ ನಡುವೆ ಓಡಾಡುವ ಮನುಷ್ಯನದು. ಇದನ್ನು ಕರ್ನಾಟಕ ಸರಕಾರವು ಕಂಡುಕೊಂಡು, ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಿತು. ಈ ಕಾರ್ಯಕರ್ತರು ಸ್ವತಃ ಅಂಗವಿಕಲರು, ಗೌರವಧನವೂ ಅಲ್ಪ. ಆದರೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂಬುದನ್ನು ಬಲ್ಲವರು. ಕೇರಳದ ಮಲಪ್ಪುರಂ ಪ್ರದೇಶದಲ್ಲಿ 1999ರ ಸುಮಾರಿಗೆ ಹುಟ್ಟಿದ ನೆರೆಹೊರೆಯ ಉಪಶಾಮಕ ಶುಶ್ರೂಷಾ ಜಾಲವು ಇನ್ನೂ ಮುಂದೆ ಹೋಯಿತು. ಅಲ್ಲಿ ತರಬೇತಿ ಪಡೆದ ನೆರೆಯವರೇ ಮನೆಗಳಿಗೆ ಹೋಗಿ ರೋಗಿಯನ್ನು ಕಂಡು, ಬೇಕಾದಾಗ ದಾದಿಯನ್ನೂ ವೈದ್ಯರನ್ನೂ ಕರೆತರುತ್ತಾರೆ. 2008ರಲ್ಲಿ ಆ ರಾಜ್ಯವು ಈ ಶುಶ್ರೂಷೆಗೆಂದೇ ನೀತಿಯೊಂದನ್ನು ಪ್ರಕಟಿಸಿತು.

ಪರಸ್ಥಳದ ಕನ್ನಡಿಗರಿಗೆ ಇಂತಹ ನೆರೆಹೊರೆಯೆಂದರೆ ಸಂಘವೇ. ರಾಜ್ಯೋತ್ಸವದ ವೆಚ್ಚದಲ್ಲಿ ಒಂದಂಶವನ್ನು ಇದಕ್ಕೆ ತೆಗೆದಿಟ್ಟರೆ ಉತ್ಸವದ ಕಳೆ ಕುಂದೀತೆಂದು ನನಗೆ ತೋರುವುದಿಲ್ಲ. ಬಡಾವಣೆಗೆ ಇಬ್ಬರಾದರೂ ಸದಸ್ಯರು, ಹಾಸಿಗೆ ಹಿಡಿದವರನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕ್ರಮವನ್ನು ದಾದಿಯೊಬ್ಬಳಿಂದ ಕಲಿಯಲಿ. ವಾರಕ್ಕೊಮ್ಮೆ ಹೋಗಿ ಕನ್ನಡದಲ್ಲಿ ನಾಲ್ಕು ಮಾತನಾಡಲಿ. ಬ್ಯಾಂಕಿಗೆ ಬರೆಯಬೇಕಾದ ಅರ್ಜಿಯನ್ನು ಬರೆದುಕೊಡಲಿ. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567 ಎಂಬುದನ್ನು ಮನೆಯವರಿಗೆ ತಿಳಿಸಲಿ. ಎಲ್ಲಕ್ಕೂ ಮೊದಲು ನೀರು, ನೋವು, ಬಚ್ಚಲು, ಚಳಿ, ಸಾಕು ಎಂಬಂತಹ ನಲವತ್ತು ಕನ್ನಡ ಪದಗಳನ್ನು ಗುಜರಾತಿ ಲಿಪಿಯಲ್ಲಿ ಅರ್ಥಸಹಿತ ಅಚ್ಚುಮಾಡಿಸಿದ ಒಂದು ಹಾಳೆ, ಅಂತಹ ಪ್ರತಿಯೊಂದು ಮನೆಯಲ್ಲಿಯೂ ಮಂಚದ ಪಕ್ಕದ ಗೋಡೆಗೆ ಅಂಟಲಿ.