ನರ್ಸಿಂಗ್ ಸೇರೋ ಮುಂಚೆ ಒಂದ್ಸಲ ವಾರ್ಡ್ ನೋಡಿ

ಪಿಯುಸಿ ಮುಗೀತು, ಬಿಎಸ್ಸಿ ನರ್ಸಿಂಗ್ ಸೇರ್ಬೇಕು ಅಂತಿದೀರಾ? ಸೀಟು ಕೊಡೋವಾಗ ಆಸ್ಪತ್ರೆಯ ಅನುಭವ ಯಾರೂ ಕೇಳಲ್ಲ. ಆದ್ರೆ ಓದು 4 ವರ್ಷ. ರಕ್ತ, ವಾಂತಿ, ಬೆಡ್‌ಪ್ಯಾನು, ನೈಟ್ ಡ್ಯೂಟಿ ನಿಮ್ಮ ಕೈಲಾಗುತ್ತಾ ಅಂತ ಫೀಸ್ ಕಟ್ಟೋ ಮುಂಚೆನೇ ತಿಳ್ಕೊಳ್ಳೋದು ವಾಸಿ.

ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಪ್ರಥಮ ಚಿಕಿತ್ಸೆ ಕಲಿಸ್ತಾರೆ. ಅದು ಶುರು ಮಾತ್ರ.

ನಿಜವಾದ ಪಾಠ ಹಾಸಿಗೆ ಹಿಡಿದವರ ಪಕ್ಕದಲ್ಲಿದೆ. ಮನೇಲಿ ಅಜ್ಜಿ ಮಲಗಿದ್ದಾರಾ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು. ಇಲ್ಲಾಂದ್ರೆ ಒತ್ತಡ ಬಿದ್ದ ಜಾಗಕ್ಕೆ ರಕ್ತ ಹರಿಯಲ್ಲ, ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ. ಊಟ ಮಾಡಿಸೋವಾಗ ತಲೆ ಎತ್ತಿ ಕೂರಿಸಿ, ಅವಸರ ಬೇಡ. ಮುಟ್ಟೋ ಮುಂಚೆ, ಮುಟ್ಟಿದ ಮೇಲೆ, ಸೋಪು ಹಾಕಿ 40ರಿಂದ 60 ಸೆಕೆಂಡ್ ಕೈ ತೊಳೀರಿ. ಬೇಜಾರಿನ ಕೆಲಸ ಅನ್ಸುತ್ತಾ? ನರ್ಸಿಂಗ್‌ನ ಅರ್ಧಭಾಗ ಇದೇನೇ. ಸಿನಿಮಾದಲ್ಲಿ ತೋರಿಸಲ್ಲ, ಅಷ್ಟೆ.

ಹತ್ತಿರದ ವೃದ್ಧಾಶ್ರಮ, ಉಪಶಾಮಕ ಆರೈಕೆ ಕೇಂದ್ರದಲ್ಲಿ ಸ್ವಯಂಸೇವಕರು ಬೇಕಾ ಅಂತ ವಿಚಾರಿಸಿ. ಅಲ್ಲಿ ಮಾತಾಡಿಸಿ, ನೀರು ಕುಡಿಸಿ, ವೀಲ್‌ಚೇರ್ ತಳ್ಳಿ. ಸೂಜಿ, ಡ್ರಿಪ್, ಮಾತ್ರೆ ಮಾತ್ರ ಮುಟ್ಟಬೇಡಿ, ಯಾರು ಹೇಳಿದ್ರೂನೂ. ರೋಗಿ ಫೋಟೋ ಸ್ಟೇಟಸ್‌ಗೆ ಹಾಕೋದಂತೂ ಬೇಡ್ವೇ ಬೇಡ.

ಇನ್ನೊಂದು. ರೋಗಿಗಳ ಆರೈಕೆಗೆ ನೆರವಾಗೋದನ್ನ ಕಲಿಸೋ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಒಳ್ಳೇದೇ, ಕೆಲಸನೂ ಸಿಗುತ್ತೆ. ಆದ್ರೆ ಅದು ನರ್ಸಿಂಗ್ ಅಲ್ಲ. ‘ಆರೇ ತಿಂಗಳಲ್ಲಿ ನರ್ಸ್ ಆಗಿ’ ಅನ್ನೋ ಬೋರ್ಡ್ ಕಂಡ್ರೆ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತಾ ಅಂತ ಮೊದಲು ಕೇಳಿ.