ಕನ್ನಡದ ಹೆಸರಿಗೆ ಒಂದು ಖಾನೆ: ಕೆಲಸ ಎಷ್ಟು?

“ಅರ್ಜಿಯಲ್ಲಿ ಇಂಗ್ಲಿಷ್ ಹೆಸರಿನ ಪಕ್ಕ ಕನ್ನಡದ ಹೆಸರಿಗೂ ಒಂದು ಖಾನೆ ಹಾಕಿಕೊಡಿ, ಅಷ್ಟೇ ತಾನೆ?” ಹೀಗೆ ಕೇಳುವವರಿಗೆ ಕಾಣುವುದು ಪರದೆಯ ಮೇಲಿನ ಪುಟ್ಟ ಚೌಕ ಮಾತ್ರ. ಅದನ್ನು ಕೂರಿಸುವುದು ಸುಲಭವೇ. ಆದರೆ ಅಲ್ಲಿ ಟೈಪಿಸಿದ ಹೆಸರು ಡೇಟಾಬೇಸ್, ಹುಡುಕಾಟ, ಎಸ್ಎಂಎಸ್, ಪ್ರಮಾಣಪತ್ರ ಎಂದು ಊರೆಲ್ಲ ಸುತ್ತುತ್ತದೆ. ನಿಜವಾದ ಕೆಲಸ ಇರುವುದು ಆ ದಾರಿಯಲ್ಲಿ.

ಜಾಗ: ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು ಸೇರಿ 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಇಂಗ್ಲಿಷಿನಲ್ಲಿ ಬರೆದರೆ ಇದೇ ಹೆಸರಿಗೆ 7 ಬೈಟ್ ಸಾಕು. ಬೈಟ್ ಎಣಿಸಿ ಕತ್ತರಿಸುವ ಹಳೆಯ ವ್ಯವಸ್ಥೆಯಲ್ಲಿ ಉದ್ದನೆಯ ಹೆಸರು ಒತ್ತಕ್ಷರದ ನಡುವೆಯೇ ತುಂಡಾಗಬಹುದು.

ಹುಡುಕಾಟ: ‘ಗೋಪಾಲ’ದ ಓತ್ವ ಒಂದೇ ಸಂಕೇತವಾಗಿರಬಹುದು, ಒತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಮಾಡದಿದ್ದರೆ, ಪಟ್ಟಿಯಲ್ಲಿರುವ ಗೋಪಾಲನೇ ಹುಡುಕಿದಾಗ ಸಿಗುವುದಿಲ್ಲ.

ಎಸ್ಎಂಎಸ್: ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಮಿತಿ. ನಡುವೆ ಒಂದು ಕನ್ನಡ ಹೆಸರು ಸೇರಿದರೂ ಸಾಮಾನ್ಯವಾಗಿ ಇಡೀ ಸಂದೇಶ ಯೂನಿಕೋಡ್ ಆಗಿ ಮಿತಿ 70ಕ್ಕೆ ಇಳಿಯುತ್ತದೆ. 150 ಅಕ್ಷರಗಳ ಸಂದೇಶ ಮೂರು ಕಂತಾಗಿ ಹೋಗುತ್ತದೆ, ಬಿಲ್ಲೂ ಏರುತ್ತದೆ.

ಮುದ್ರಣ: ಒತ್ತಕ್ಷರ ಜೋಡಿಸುವ ‘ಶೇಪಿಂಗ್’ ಬಾರದ ಪಿಡಿಎಫ್ ತಂತ್ರಾಂಶ ‘ಕ್ಷ್ಮಿ’ಯನ್ನು ಬಿಡಿಬಿಡಿಯಾಗಿ ಚೆಲ್ಲುತ್ತದೆ. ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು.

ಹಳೆಯ ದಾಖಲೆ: ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿಟ್ಟ ಹೆಸರುಗಳು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅವನ್ನು ಪರಿವರ್ತಿಸಿ, ಯಾರಾದರೂ ಕೂತು ತಾಳೆ ನೋಡಬೇಕು. ಇಂಗ್ಲಿಷಿನಲ್ಲಷ್ಟೇ ಇರುವ ಹೆಸರು ರಮಾ ಎಂದೋ ರಾಮ ಎಂದೋ ಯಂತ್ರ ತಾನಾಗಿ ತೀರ್ಮಾನಿಸಲಾರದು.

ಆದ್ದರಿಂದ “ಎಷ್ಟು ದಿನ ಬೇಕು?” ಎನ್ನುವ ಮೊದಲು “ಈ ಹೆಸರು ಎಲ್ಲೆಲ್ಲಿಗೆ ಹೋಗುತ್ತದೆ?” ಎಂದು ಕೇಳಿ ಪಟ್ಟಿ ಮಾಡಿ. ಪ್ರತಿ ಕಡೆಯೂ ಲಕ್ಷ್ಮಿ, ಗೋಪಾಲರನ್ನು ಕಳಿಸಿ ಪರೀಕ್ಷಿಸಿ. ಸಮಯ ಕಡಿಮೆಯಿದ್ದರೆ ಎಸ್ಎಂಎಸ್ ಮತ್ತು ಮುದ್ರಣ ಸದ್ಯಕ್ಕೆ ಇಂಗ್ಲಿಷಿನಲ್ಲೇ ಇರಲಿ. ಖಾನೆಯ ಉದ್ದ ಮತ್ತು ನಾರ್ಮಲೈಸೇಶನ್ ಮಾತ್ರ ಮೊದಲ ದಿನವೇ ಸರಿಯಿರಬೇಕು; ಲಕ್ಷಾಂತರ ಹೆಸರು ತುಂಬಿದ ಮೇಲೆ ತಿದ್ದುವುದು ಇನ್ನೂ ದೊಡ್ಡ ಕೆಲಸ.