ಕಿಕ್ ಇಲ್ಲದ ಗಾಡಿ, ಕೂಡ್ಲಿಯ ದಾರಿ

ಯೆಜ್ಡಿ ಓಡಿಸಿದವರ ಎಡಗಾಲಿಗೆ ಒಂದು ನೆನಪು ಉಳಿದೇ ಇರುತ್ತದೆ. ಆ ಗಾಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಎಂಜಿನ್ ಹತ್ತಿಕೊಂಡ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಅವನ್ನು ಇಪ್ಪತ್ತೈದರ ಹರೆಯದಲ್ಲಿ ಒಂದೇ ತುಳಿತಕ್ಕೆ ಎಬ್ಬಿಸುತ್ತಿದ್ದವರಿಗೆ ಈಗ ಅರವತ್ತು ದಾಟಿದೆ, ಕೆಲವರಿಗೆ ಎಪ್ಪತ್ತೈದೂ ಆಗಿದೆ. ಆಸೆ ಹಾಗೇ ಇದೆ, ಮೊಣಕಾಲು ಮಾತ್ರ ಸವೆದಿದೆ.

ಭದ್ರಾವತಿಯಂಥ ಊರಿನಲ್ಲಿ ಈ ವಯಸ್ಸಿನವರು ಬಹಳ. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರನ್ನು ಕಾರ್ಖಾನೆಯ ಊರಾಗಿಸಿದ್ದು 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ. ಶಿಫ್ಟಿನ ಸೈರನ್ನಿಗೆ ಸರಿಯಾಗಿ ಸೈಕಲ್ ತುಳಿದವರು, ಆಮೇಲೆ ಸಾಲ ಮಾಡಿ ಲೂನಾ, ಚೇತಕ್, ಯೆಜ್ಡಿ ಕೊಂಡವರು, ಈಗ ನಿವೃತ್ತರು. ಪಕ್ಕದ ಶಿವಮೊಗ್ಗದಲ್ಲೂ ಮೇಷ್ಟರು, ಬ್ಯಾಂಕಿನವರು, ಸರ್ಕಾರಿ ನೌಕರರು ಎಂದು ನಿವೃತ್ತರ ಬಡಾವಣೆಗಳಿಗೆ ಕೊರತೆಯಿಲ್ಲ.

ಇಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಆ ಮಾತು ಬರುತ್ತದೆ: "ಅಪ್ಪಾಜಿ, ಇನ್ನು ಗಾಡಿ ಸಾಕು. ಎಲ್ಲಿಗೆ ಹೋಗ್ಬೇಕು ಹೇಳಿ, ನಾನೇ ಬಿಡ್ತೀನಿ." ಮಗನದು ಕಾಳಜಿಯ ಮಾತೇ. ಆಸ್ಪತ್ರೆಗೆ, ಬ್ಯಾಂಕಿಗೆ, ಮದುವೆ ಮನೆಗೆ ಅವನು ಬಿಡುತ್ತಾನೆ ಕೂಡ. ಆದರೆ ಕೆಲಸವೇನೂ ಇಲ್ಲದೆ ಗಾಜನೂರಿನವರೆಗೆ ಹೋಗಿ, ತುಂಗೆಯ ಅಣೆಕಟ್ಟಿನ ಹತ್ತಿರ ಸ್ವಲ್ಪ ಹೊತ್ತು ನೀರು ನೋಡಿಕೊಂಡು ಬರಬೇಕೆನಿಸಿದರೆ ಯಾರನ್ನು ಕರೆಯುವುದು? ಗಾಡಿ ಬಿಟ್ಟವರು ಕಳೆದುಕೊಳ್ಳುವುದು ಈ ಸುಮ್ಮನೆಯ ತಿರುಗಾಟವನ್ನು. ಎಲೆಕ್ಟ್ರಿಕ್ ಗಾಡಿ ಅದನ್ನು ಮರಳಿ ಕೊಡಬಲ್ಲದು. ಪೆಟ್ರೋಲ್ ಉಳಿತಾಯದ ಲೆಕ್ಕಕ್ಕಿಂತ ಹಿರಿಯರ ಮಟ್ಟಿಗೆ ಇದೇ ದೊಡ್ಡ ಸಂಗತಿ.

ಕಾರಣ ಸರಳ. ಪೆಟ್ರೋಲ್ ಎಂಜಿನ್ನಿಗೆ ಬಲ ಬರಬೇಕಾದರೆ ಅದು ಒಂದು ವೇಗದಲ್ಲಿ ತಿರುಗುತ್ತಿರಬೇಕು. ಅದಕ್ಕೇ ಕಿಕ್ಕರ್, ಕ್ಲಚ್, ಗೇರುಗಳ ಸಂಸಾರ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಬಲ ಸಿಗುತ್ತದೆ. ಹಾಗಾಗಿ ತುಳಿಯುವುದೂ ಇಲ್ಲ, ಎಡಗೈಯಲ್ಲಿ ಹಿಂಡುವುದೂ ಇಲ್ಲ. ಎಂಜಿನ್ನಿನ ನಡುಕ ಮಣಿಕಟ್ಟಿಗೆ ತಾಗುವುದಿಲ್ಲ. ಎಷ್ಟೋ ಸ್ಕೂಟರುಗಳಲ್ಲಿ ಹಿಂದಕ್ಕೆ ಚಲಿಸುವ ಸೌಲಭ್ಯವೂ ಇದೆ. ಇಳಿಜಾರಿನ ಅಂಗಳದಲ್ಲಿ, ಕಾರಿಗೂ ಕಾಂಪೌಂಡಿಗೂ ನಡುವೆ ಸಿಕ್ಕಿಕೊಂಡ ಗಾಡಿಯನ್ನು ಸೊಂಟ ಹಿಡಿದುಕೊಂಡು ಹಿಂದಕ್ಕೆ ಎಳೆದವರಿಗೆ ಇದರ ಬೆಲೆ ಗೊತ್ತು.

ಈ ವಾಹನಗಳ ಕಥೆಯ ದೊಡ್ಡ ಭಾಗ ಕರ್ನಾಟಕದಲ್ಲೇ ನಡೆದಿದೆ. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಏಥರ್ ಕಂಪನಿ ತನ್ನ ಸ್ಕೂಟರನ್ನು ಮೊದಲು ಮಾರಾಟಕ್ಕಿಟ್ಟದ್ದು 2018ರಲ್ಲಿ, ಬೆಂಗಳೂರಿನಲ್ಲಿ. ಟಿವಿಎಸ್ ಐಕ್ಯೂಬ್ 2020ರ ಜನವರಿಯಲ್ಲಿ ಬಂತು. ಅದೇ ತಿಂಗಳು ಹಳೆಯ ಚೇತಕ್ ಹೆಸರೂ ಬ್ಯಾಟರಿಯೊಂದಿಗೆ ಮರಳಿತು. 1972ರ ಲೂನಾ ಕೂಡ 2024ರಲ್ಲಿ ಇ-ಲೂನಾ ಆಗಿ ಬಂದಿದೆ. ಹಳೆಯ ಹೆಸರುಗಳು ಹೀಗೆ ಎದ್ದು ಬರುವಾಗ ಅವನ್ನು ಒಮ್ಮೆ ಓಡಿಸಿದ ತಲೆಮಾರಿಗೆ ಶೋರೂಮಿನ ಮೆಟ್ಟಿಲು ಹತ್ತುವುದು ಅಷ್ಟು ಅಪರಿಚಿತ ಎನಿಸುವುದಿಲ್ಲ.

ಮೋಟಾರ್ ಸೈಕಲ್ಲೇ ಬೇಕು ಎನ್ನುವವರ ಮಾತು ಬೇರೆ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2022ರಲ್ಲಿ ತಂದ ಎಫ್77ರ ದೊಡ್ಡ ಮಾದರಿಯಲ್ಲಿ ಹತ್ತು ಕಿಲೋವಾಟ್-ಅವರ್ ಮೀರಿದ ಬ್ಯಾಟರಿ ಇದೆ, ತೂಕ 200 ಕೆ.ಜಿ. ಆಸುಪಾಸು. ಸೊಗಸಾದ ಗಾಡಿ. ಆದರೆ ಮುಂದಕ್ಕೆ ಬಾಗಿ ಕೂರುವ ಭಂಗಿ, ಆ ತೂಕ, ಕೈ ತಿರುಗಿಸಿದ ಕೂಡಲೇ ನುಗ್ಗುವ ಬಲ, ಮೂರೂ ಎಪ್ಪತ್ತರ ದೇಹಕ್ಕೆ ಒಗ್ಗುವುದು ಕಷ್ಟ. ಹೆಚ್ಚಿನ ಎಲೆಕ್ಟ್ರಿಕ್ ಸ್ಕೂಟರುಗಳು 110ರಿಂದ 135 ಕೆ.ಜಿ. ಒಳಗೆ ಇವೆ. ಬ್ಯಾಟರಿ ಕಾಲಿಟ್ಟುಕೊಳ್ಳುವ ಹಲಗೆಯ ಕೆಳಗೆ ಇದ್ದರೆ ಭಾರ ನೆಲಕ್ಕೆ ಹತ್ತಿರವಿರುತ್ತದೆ. ನಿಧಾನವಾಗಿ ತಿರುಗಿಸುವಾಗ ಗಾಡಿ ವಾಲುವುದು ಕಡಿಮೆ. ಕೊಳ್ಳುವ ಮೊದಲು ಸೀಟಿನ ಮೇಲೆ ಕೂತು ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆಯೇ ಎಂದು ನೋಡುವುದು ಬಣ್ಣ ಆರಿಸುವುದಕ್ಕಿಂತ ಮುಖ್ಯ.

ಇನ್ನೊಂದು ದಾರಿ ಎಲೆಕ್ಟ್ರಿಕ್ ಸೈಕಲ್. ಇದಕ್ಕೆ ನಮ್ಮಲ್ಲಿ ಇನ್ನೂ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ತುಳಿತಕ್ಕೆ ಮೋಟಾರಿನ ಆಸರೆ ಕೊಡುವ ಸೈಕಲ್ಲನ್ನು ಜಪಾನಿನ ಯಮಹಾ 1993ರಲ್ಲಿ ಮಾರುಕಟ್ಟೆಗೆ ತಂದಿತು. ಪೆಡಲ್ ತುಳಿದಾಗ ಸೆನ್ಸರ್ ಅದನ್ನು ಗುರುತಿಸಿ ಮೋಟಾರಿಗೆ ತಿಳಿಸುತ್ತದೆ; ಏರು ಬಂದಾಗ ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದಂತಾಗುತ್ತದೆ. ಕಾಲಿಗೆ ಕೆಲಸವೂ ಉಂಟು, ಉಸಿರು ಕಟ್ಟುವುದೂ ಇಲ್ಲ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 50ರಿಂದ 83 ವಯಸ್ಸಿನವರಿಗೆ ಎಂಟು ವಾರ, ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಸೈಕಲ್ ತುಳಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾದಾ ಸೈಕಲ್ ತುಳಿದವರಂತೆ ಎಲೆಕ್ಟ್ರಿಕ್ ಸೈಕಲ್ ತುಳಿದವರಲ್ಲೂ ಬುದ್ಧಿಯ ಚುರುಕಿಗೆ ಸಂಬಂಧಿಸಿದ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಮನಸ್ಸಿನ ಗೆಲುವಿನ ವಿಷಯದಲ್ಲಂತೂ ಎಲೆಕ್ಟ್ರಿಕ್ ಗುಂಪು ಹಿಂದೆ ಬೀಳಲಿಲ್ಲ. ಮನೆಯಿಂದ ಹೊರಗೆ ಹೋಗಿ ಬರುವುದರಲ್ಲೇ ಒಂದು ಔಷಧ ಇದ್ದಂತಿದೆ.

ಸೈಕಲ್ ಕೊಳ್ಳುವಾಗ ನಮ್ಮ ಕಡೆಯ ಗಂಡಸರು ಒಂದು ಸಂಕೋಚ ಬಿಡಬೇಕು. ಅಡ್ಡ ಪೈಪು ಕೆಳಗಿರುವ, ಕಾಲು ಎತ್ತದೆ ಹತ್ತಬಹುದಾದ ಸೈಕಲ್ಲನ್ನು ಇಲ್ಲಿ ಇವತ್ತಿಗೂ 'ಲೇಡೀಸ್ ಸೈಕಲ್' ಎನ್ನುತ್ತಾರೆ. ಪಂಚೆ ಉಟ್ಟವರಿಗೂ ಸೊಂಟ ಹಿಡಿದವರಿಗೂ ಅದೇ ಸರಿ. ವಯಸ್ಸಾದವರು ಸೈಕಲ್ಲಿನಿಂದ ಬೀಳುವುದು ಓಡಿಸುವಾಗ ಮಾತ್ರವಲ್ಲ. ಹತ್ತುವಾಗ, ಇಳಿಯುವಾಗಲೂ ಬೀಳುತ್ತಾರೆ.

ಅಪಾಯದ ಮಾತನ್ನು ಮರೆಮಾಚಿ ಇದನ್ನೆಲ್ಲ ಹೇಳಬಾರದು. ಸೈಕಲ್ಲಿನ ದೇಶವೆಂದೇ ಹೆಸರಾದ ನೆದರ್ಲೆಂಡ್ಸ್‌ನಲ್ಲಿ 2017ರಲ್ಲಿ ಕಾರಿನಲ್ಲಿದ್ದು ಸತ್ತವರು 201, ಸೈಕಲ್ ಸವಾರರು 206. ಎಲೆಕ್ಟ್ರಿಕ್ ಸೈಕಲ್ ಓಡಿಸುತ್ತಿದ್ದ ಹಿರಿಯರು ಆ ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದರು. ಪ್ರತ್ಯೇಕ ಸೈಕಲ್ ದಾರಿಗಳಿರುವ ದೇಶದ ಮಾತಿದು. ಶಿವಮೊಗ್ಗ–ಭದ್ರಾವತಿ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ಹೋಗುವುದು ವಿಹಾರವಾಗದು. ಎರಡೂ ಊರಿನವರಿಗೆ ಒಳದಾರಿಗಳೇ ಲೇಸು.

ದೇಹವನ್ನೂ ಕೇಳಬೇಕು. ಪೊರೆ ಬಂದ ಕಣ್ಣಿಗೆ ಎದುರಿನ ಹೆಡ್‌ಲೈಟ್ ಒಡೆದು ಹರಡಿದಂತೆ ಕಾಣುತ್ತದೆ. ಹಾಗಿದ್ದವರು ಕತ್ತಲಾಗುವ ಮೊದಲೇ ಮನೆ ಸೇರುವುದು ಒಳ್ಳೆಯದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ದೊಡ್ಡದಾಗಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೆಲ ತಾಗಿದ್ದೇ ತಿಳಿಯದೆ ಹೋಗಬಹುದು. ಎಂಜಿನ್ನಿನ ಸದ್ದಿಗೆ ಒಗ್ಗಿದವರಿಗೆ ಇನ್ನೊಂದು ಹೊಸ ಅಪಾಯ ಕಾದಿರುತ್ತದೆ. ಗಾಡಿ ಚಾಲೂ ಇದೆ ಎಂಬುದೇ ಕಿವಿಗೆ ಗೊತ್ತಾಗುವುದಿಲ್ಲ. ಗೇಟು ತೆಗೆಯಲು ನಿಂತಾಗ, ಹಿಡಿತಕ್ಕೆಂದು ಆ್ಯಕ್ಸಿಲರೇಟರ್ ಮೇಲೆ ಇಟ್ಟ ಕೈ ಕೊಂಚ ತಿರುಗಿದರೆ ಗಾಡಿ ಮುಂದಕ್ಕೆ ಹಾರುತ್ತದೆ. ಸೀಟಿನಿಂದ ಇಳಿಯುವ ಮೊದಲು ಸ್ವಿಚ್ ಆಫ್ ಮಾಡುವುದು ಅಭ್ಯಾಸವಾಗಬೇಕು. ಮೊದಲ ಒಂದು ತಿಂಗಳು ವೇಗ ತಗ್ಗಿಸುವ ಇಕೋ ಮೋಡಿನಿಂದ ಆಚೆ ಹೋಗದಿರುವುದೇ ಕ್ಷೇಮ. ದಾರಿಯಲ್ಲಿ ನಡೆಯುವವರಿಗೂ ಈ ಗಾಡಿ ಬಂದದ್ದು ಕೇಳಿಸುವುದಿಲ್ಲ, ಹಾಗಾಗಿ ತಿರುವಿನಲ್ಲಿ ಹಾರ್ನ್ ಹೊಡೆಯಲೇಬೇಕು.

ಕಾನೂನಿನ ವಿಷಯ ಸ್ವಲ್ಪವೇ ಇದೆ, ಆದರೆ ಗೊಂದಲ ಜಾಸ್ತಿ. ಮೋಟಾರಿನ ಶಕ್ತಿ 250 ವಾಟ್ ಒಳಗಿದ್ದು, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದು, ಮಾನ್ಯತೆ ಪಡೆದಿದ್ದರೆ ಅಂಥ ಗಾಡಿಗೆ ನೋಂದಣಿ ಬೇಕಿಲ್ಲ, ಲೈಸೆನ್ಸೂ ಬೇಕಿಲ್ಲ. ಅದನ್ನು ಮೀರಿದ ಎಲ್ಲಕ್ಕೂ ಹಸಿರು ನಂಬರ್ ಪ್ಲೇಟು, ವಿಮೆ, ಲೈಸೆನ್ಸು, ಹೆಲ್ಮೆಟ್ ಎಲ್ಲ ಬೇಕು. 'ಲೈಸೆನ್ಸ್ ಬೇಡ ಸರ್' ಎಂದು ಮಾರಿ, ಆಮೇಲೆ ವೇಗದ ಮಿತಿ ಬಿಚ್ಚಿಕೊಟ್ಟ ಗಾಡಿ ಅಪಘಾತಕ್ಕೆ ಸಿಕ್ಕಿದರೆ ಹೊಣೆಯೆಲ್ಲ ಸವಾರನ ತಲೆಗೆ. ಐವತ್ತೈದು ದಾಟಿದವರಿಗೆ ಲೈಸೆನ್ಸ್ ನವೀಕರಣ ಐದೈದು ವರ್ಷಕ್ಕೆ; ವೈದ್ಯರ ಪ್ರಮಾಣಪತ್ರವೂ ಬೇಕು. ಆ ನೆಪದಲ್ಲಿ ಕಣ್ಣು, ಕಿವಿ ತೋರಿಸಿಕೊಂಡರೆ ನಷ್ಟವೇನಿಲ್ಲ.

ದುಡ್ಡಿನ ಪ್ರಶ್ನೆ ಭದ್ರಾವತಿಯಲ್ಲಿ ಹೆಚ್ಚು ಚುಚ್ಚುತ್ತದೆ. ಸರ್ಕಾರಿ ನೌಕರರ ಪಿಂಚಣಿಗೂ ಕಾರ್ಖಾನೆಯ ಕಾರ್ಮಿಕರಿಗೆ ಭವಿಷ್ಯನಿಧಿಯಿಂದ ಬರುವ ಪಿಂಚಣಿಗೂ ಹೋಲಿಕೆಯೇ ಇಲ್ಲ. 2014ರಲ್ಲಿ ನಿಗದಿಯಾದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಇಡೀ ಬದುಕನ್ನು ಕುಲುಮೆಯ ಮುಂದೆ ಕಳೆದವರಿಗೆ ಲಕ್ಷ ದಾಟಿದ ಸ್ಕೂಟರು ಸುಲಭದ ಮಾತಲ್ಲ. ಇ-ಲೂನಾ ಬಂದಾಗ ಅದರ ಬೆಲೆ 70 ಸಾವಿರದ ಹತ್ತಿರವಿತ್ತು. ಓಡಿಸುವ ಖರ್ಚೇನೋ ಕಡಿಮೆ: ಮೂರು ಕಿಲೋವಾಟ್-ಅವರ್ ಬ್ಯಾಟರಿ ತುಂಬಲು ಮೂರೂವರೆ ಯೂನಿಟ್ ಸಾಕು, ಎಂಬತ್ತು ಕಿ.ಮೀ. ಸುತ್ತಾಟಕ್ಕೆ ಇಪ್ಪತ್ತೈದು ರೂಪಾಯಿ ಆಸುಪಾಸು. ಆದರೆ ವಾರಕ್ಕೊಮ್ಮೆ ವಿಹಾರಕ್ಕೆ ಹೋಗುವವರು ಪೆಟ್ರೋಲ್ ಉಳಿಸಿಯೇ ಗಾಡಿಯ ದುಡ್ಡು ಹುಟ್ಟಿಸುತ್ತೇವೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಮಗ, ಸೊಸೆಯೂ ಓಡಿಸುವ ಗಾಡಿಯಾದರೆ ಆ ಲೆಕ್ಕ ಕೂಡಿಬರುತ್ತದೆ.

ಚಾರ್ಜಿಂಗಿಗೆ ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಪಾಯಿಂಟ್ ಬೇಕು. ಕಿಟಕಿಯಿಂದ ಎಳೆದ ಎಕ್ಸ್‌ಟೆನ್ಷನ್ ಬಾಕ್ಸು, ಮಳೆಗೆ ನೆನೆಯುವ ಪ್ಲಗ್ಗು ಮಲೆನಾಡಿನ ಜೂನ್–ಜುಲೈಗೆ ಆಗಿಬರುವುದಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಸರ್ಕಾರ ಬಿಗಿಮಾಡಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಗಾಡಿ ಅದಕ್ಕಿಂತ ಹಿಂದಿನದೋ ಮುಂದಿನದೋ ನೋಡಿಕೊಳ್ಳಬೇಕು. ಸುತ್ತಾಡಿ ಬಂದ ಬಿಸಿ ಬ್ಯಾಟರಿಗೆ ಅರ್ಧ ಗಂಟೆ ಬಿಡುವು ಕೊಟ್ಟು ಆಮೇಲೆ ಚಾರ್ಜಿಗೆ ಹಾಕಿದರೆ ಅದರ ಬಾಳಿಕೆಗೂ ಒಳ್ಳೆಯದು. ಚಾರ್ಜಿಗೆ ಬರುವ ಕರೆಂಟು ಇಂಥಲ್ಲಿಯದೇ ಎನ್ನಲಾಗದು, ಗ್ರಿಡ್ಡಿನಲ್ಲಿ ಎಲ್ಲವೂ ಬೆರೆತೇ ಬರುತ್ತದೆ, ನಿಜ. ಆದರೂ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ ನೀರು ಕೊಡುವ ಲಿಂಗನಮಕ್ಕಿ ಇರುವುದು ಇದೇ ಜಿಲ್ಲೆಯಲ್ಲಿ. ಆ ಬೆಳಕಿಗಾಗಿ ಊರು, ಗದ್ದೆ ಮುಳುಗಿಸಿಕೊಂಡು ಬಂದ ಕುಟುಂಬಗಳ ಹಿರಿಯರೂ ಇಲ್ಲಿದ್ದಾರೆ. ಅದರ ಒಂದು ಪಾಲು ಅವರ ತಿರುಗಾಟಕ್ಕೆ ಒದಗುವುದಾದರೆ ಅದಕ್ಕಿಂತ ನ್ಯಾಯವಾದ ಬಳಕೆ ಯಾವುದು?

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಈ ಎರಡು ಊರಿನವರು ಬಹಳ ಹುಡುಕಬೇಕಿಲ್ಲ. ಶಿವಮೊಗ್ಗದಿಂದ ಗಾಜನೂರು ಹನ್ನೆರಡು ಕಿ.ಮೀ.; ಇನ್ನೆರಡು ಕಿ.ಮೀ. ಹೋದರೆ ಸಕ್ರೆಬೈಲಿನ ಆನೆ ಬಿಡಾರ, ಬೆಳಿಗ್ಗೆ ಹೊಳೆಯಲ್ಲಿ ಆನೆಗಳ ಸ್ನಾನ. ಭದ್ರಾವತಿಯವರಿಗೆ ಭದ್ರಾ ಅಣೆಕಟ್ಟಿನ ಬಿಆರ್‌ಪಿ ಕಡೆಯ ಮರಗಳ ದಾರಿ. ಆಗುಂಬೆಯ ಆಸೆ ಸದ್ಯಕ್ಕೆ ಬೇಡ. ಹೋಗಿಬರುವ ದೂರ, ಏರು, ಮಳೆ ಸೇರಿದರೆ ಸ್ಕೂಟರಿನ ಬ್ಯಾಟರಿಯೂ ಬೆನ್ನೂ ಒಟ್ಟಿಗೆ ಸೋಲುತ್ತವೆ. ಕಂಪನಿ ಹೇಳಿದ ದೂರದಲ್ಲಿ ಕಾಲು ಭಾಗ ಕಳೆದು, ಉಳಿದದ್ದರಲ್ಲಿ ಅರ್ಧಕ್ಕೆ ತಿರುಗಿಬಿಡುವವರು ದಾರಿಯಲ್ಲಿ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಚೆನ್ನಾದ ದಾರಿ ಕೂಡ್ಲಿಯದು. ಶಿವಮೊಗ್ಗದಿಂದ ಹದಿನೈದು–ಹದಿನಾರು ಕಿ.ಮೀ., ಭದ್ರಾವತಿಯಿಂದ ಹೊಳೆಹೊನ್ನೂರಿನ ಮೇಲೆ ಇಪ್ಪತ್ತರ ಆಸುಪಾಸು. ಒಂದು ಊರಿನ ತುಂಗೆ, ಇನ್ನೊಂದು ಊರಿನ ಭದ್ರೆ ಇಲ್ಲಿ ಕೂಡುತ್ತವೆ. ಎರಡೂ ಊರಿನ ಹಳೆಯ ಸ್ನೇಹಿತರು ತಮ್ಮ ತಮ್ಮ ಹೊಳೆಯ ಕಡೆಯಿಂದ ಬಿಸಿಲೇರುವ ಮೊದಲೇ ಹೊರಟರೆ, ಸಂಗಮದ ಕಲ್ಲುಗಳ ಮೇಲೆ ನಂದಿಯ ಪುಟ್ಟ ಗುಡಿಯೆದುರು ಒಟ್ಟಿಗೆ ಫ್ಲಾಸ್ಕಿನ ಕಾಫಿ ಕುಡಿಯಬಹುದು. ಹೊಯ್ಸಳರ ಕಾಲದ ರಾಮೇಶ್ವರ ಗುಡಿಯನ್ನು ನಿಧಾನವಾಗಿ ಸುತ್ತಿ ಬಂದರೂ ಒಂಬತ್ತು ಗಂಟೆ ಆಗಿರುವುದಿಲ್ಲ. ಅಷ್ಟರಲ್ಲಿ ಮೂರು ಕಿಲೋವಾಟ್-ಅವರ್ ಸ್ಕೂಟರಿನ ಬ್ಯಾಟರಿಯಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿರುತ್ತದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಮುಂದಿನ ಭಾನುವಾರ ಯಾರು ಕಾಫಿ ತರುವುದೆಂದು ತೀರ್ಮಾನಿಸಿಕೊಂಡು, ಒಬ್ಬರು ತುಂಗೆಯ ಕಡೆಗೆ, ಇನ್ನೊಬ್ಬರು ಭದ್ರೆಯ ಕಡೆಗೆ ಗಾಡಿ ತಿರುಗಿಸಬಹುದು.